ಸಾಲವೆಂಬ ಸನ್ನೆಗೋಲು

1979ರಲ್ಲಿ ಅಮೆರಿಕದ ಹೂಡೈ ಇಂಡಸ್ಟ್ರೀಸ್ ಎಂಬ ಕಂಪನಿಯನ್ನು ಅದಕ್ಕಿಂತ ಎಷ್ಟೋ ಚಿಕ್ಕದಾದ ಸಂಸ್ಥೆಯೊಂದು ಕೊಂಡಿತು. ಹೂಡೈ ಕಾರಿನ ಬಂಪರು, ಪಂಪು, ಮಷಿನ್ ಟೂಲುಗಳನ್ನು ಮಾಡುವ ಹಲವು ಕಾರ್ಖಾನೆಗಳ ಒಡೆಯ. ನ್ಯೂಯಾರ್ಕ್ ಷೇರುಪೇಟೆಯಲ್ಲಿ ಅದರ ಷೇರುಗಳಿದ್ದವು. ಕೊಂಡದ್ದು ಕೋಲ್‌ಬರ್ಗ್ ಕ್ರಾವಿಸ್ ರಾಬರ್ಟ್ಸ್, ಅಂದರೆ ಕೆಕೆಆರ್. ಮೂವರು ಪಾಲುದಾರರು ಸೇರಿ 1976ರಲ್ಲಿ ಕಟ್ಟಿದ ಸಂಸ್ಥೆ ಅದು. ಬೆಲೆ 35 ಕೋಟಿ ಡಾಲರಿಗೂ ಮೇಲೆ. ಅದರಲ್ಲಿ ಬಹುಪಾಲು ಸಾಲ. ಆ ಸಾಲ ತೀರಿಸುವ ಹೊಣೆ ಕೊಂಡವರ ಮೇಲಿರಲಿಲ್ಲ. ಮಾರಾಟವಾದ ಕಂಪನಿಯ ಮೇಲೆಯೇ ಬಿತ್ತು.

ಈ ಬಗೆಯ ಖರೀದಿಗೆ ಲಿವರೇಜ್ಡ್ ಬೈಔಟ್ ಎಂದು ಹೆಸರು. ಲಿವರ್ ಎಂದರೆ ಸನ್ನೆಗೋಲು. ಒಂದು ತುದಿಯಲ್ಲಿ ಸ್ವಲ್ಪ ಬಲ ಹಾಕಿದರೆ ಇನ್ನೊಂದು ತುದಿಯಲ್ಲಿ ದೊಡ್ಡ ಬಂಡೆ ಏಳುತ್ತದೆ. ಇಲ್ಲಿ ಬಲ ಹೂಡಿಕೆದಾರರ ಅಲ್ಪ ಸ್ವಂತ ಹಣ, ಬಂಡೆ ಇಡೀ ಕಂಪನಿ, ಕೋಲು ಸಾಲ. ನಷ್ಟದ ಕಾರ್ಖಾನೆಗಳನ್ನು ಪ್ರೈವೇಟ್ ಇಕ್ವಿಟಿ ಎತ್ತಿ ನಿಲ್ಲಿಸುತ್ತದೆ ಎಂಬ ಮಾತು ಇಂದು ವಾಣಿಜ್ಯ ಪುಟಗಳಲ್ಲಿ ದಿನವೂ ಕಾಣುತ್ತದೆ. ಆದರೆ ಷೇರುಪೇಟೆಯ ದೊಡ್ಡ ಕಂಪನಿಗಳನ್ನು ಹೀಗೆ ಕೊಳ್ಳುವುದಕ್ಕೆ ಮಾದರಿಯಾದ ಹೂಡೈ ಸೋತ ಕಂಪನಿಯೇ ಆಗಿರಲಿಲ್ಲ. ಅದರ ಕೈಯಲ್ಲಿ ಸಾಕಷ್ಟು ನಗದಿತ್ತು, ತಲೆಯ ಮೇಲೆ ಸಾಲ ಕಡಿಮೆಯಿತ್ತು. ಕೊಳ್ಳುವವರ ಕಣ್ಣಿಗೆ ಬಿದ್ದದ್ದೇ ಅದಕ್ಕೆ.

ಲೆಕ್ಕ ಹೀಗಿತ್ತು. ಷೇರುದಾರರಿಗೆ ಮಾರುಕಟ್ಟೆ ದರಕ್ಕಿಂತ ಬಹಳ ಹೆಚ್ಚು, ಷೇರಿಗೆ 40 ಡಾಲರ್, ಕೊಟ್ಟರು. ಸಾಲದ ಬಡ್ಡಿಯನ್ನು ವೆಚ್ಚವೆಂದು ತೋರಿಸಬಹುದಾದ್ದರಿಂದ ತೆರಿಗೆ ಇಳಿಯಿತು. ಹಳೆಯ ಯಂತ್ರ, ಕಟ್ಟಡಗಳ ಮೌಲ್ಯವನ್ನು ಹೊಸ ಬೆಲೆಗೆ ತಕ್ಕಂತೆ ಪುಸ್ತಕದಲ್ಲಿ ಏರಿಸಿದರು. ಅದರಿಂದ ಸವಕಳಿಯ ಮೊತ್ತ ಹಿಗ್ಗಿ ತೆರಿಗೆ ಇನ್ನಷ್ಟು ಕುಗ್ಗಿತು. ಹಾಗೆ ಉಳಿದ ನಗದು ಸಾಲದ ಕಂತಿಗೆ ಹೋಯಿತು. ಕಾರ್ಖಾನೆಯಲ್ಲಿ ಒಂದು ಬೋಲ್ಟೂ ಬದಲಾಗದೆ ಹೂಡಿಕೆದಾರರ ಪಾಲಿನ ಬೆಲೆ ಬೆಳೆಯಬಹುದಿತ್ತು. ಕಂಪನಿ ಷೇರುಪೇಟೆಯಲ್ಲಿದ್ದ ಕಾರಣ ಈ ಲೆಕ್ಕವೆಲ್ಲ ಸಾರ್ವಜನಿಕ ದಾಖಲೆಯಾಯಿತು. ವಾಲ್ ಸ್ಟ್ರೀಟಿನವರು ಅದನ್ನು ಪಠ್ಯಪುಸ್ತಕದಂತೆ ಓದಿಕೊಂಡರು.

ಈ ಲೆಕ್ಕದಲ್ಲಿ ಕಾಣದ ಒಂದು ಜಾಗ ಲಾಸ್ ಏಂಜಲೀಸ್ ಪ್ರದೇಶದಲ್ಲಿತ್ತು: ಹೂಡೈ ಒಡೆತನದ ಬರ್ಗ್‌ಮಾಸ್ಟರ್ ಕಾರ್ಖಾನೆ. ಚೆಕ್ ಮೂಲದ ವಲಸಿಗ ಫ್ರೆಡ್ ಬರ್ಗ್ 1940ರ ದಶಕದಲ್ಲಿ ಕಟ್ಟಿದ್ದು. ಒಂದರ ಹಿಂದೊಂದು ಬೇರೆ ಬೇರೆ ತೂತು ಕೊರೆಯಲು ಉಪಕರಣವನ್ನು ಪ್ರತಿಸಲ ಬಿಚ್ಚಿ ಹಾಕುವ ಬದಲು, ತಲೆಯನ್ನು ತಿರುಗಿಸಿದರೆ ಸಾಕು ಮುಂದಿನ ಉಪಕರಣ ಎದುರಿಗೆ ಬರುವ ಟರೆಟ್ ಡ್ರಿಲ್ ಅವರ ಹೆಮ್ಮೆ. ಬೆಳೆಯಲು ಬಂಡವಾಳ ಬೇಕೆಂದು 1965ರಲ್ಲಿ ಕುಟುಂಬ ಅದನ್ನು ಹೂಡೈಗೆ ಮಾರಿತ್ತು. ಅಲ್ಲಿ ಮಷಿನಿಸ್ಟ್ ಆಗಿ ದುಡಿದವರೊಬ್ಬರ ಮಗ, ಪತ್ರಕರ್ತ ಮ್ಯಾಕ್ಸ್ ಹಾಲಂಡ್, ಆ ಕಾರ್ಖಾನೆಯ ಕಥೆಯನ್ನು 1989ರಲ್ಲಿ ‘ವೆನ್ ದ ಮಷಿನ್ ಸ್ಟಾಪ್ಡ್’ ಎಂಬ ಪುಸ್ತಕವಾಗಿ ಬರೆದರು.

ಹಾಲಂಡರ ಪುಸ್ತಕ ಎಲ್ಲ ತಪ್ಪನ್ನೂ ಕೆಕೆಆರ್ ಮೇಲೆ ಹೊರಿಸುವುದಿಲ್ಲ. ಹೂಡೈ ಕಾಲದಲ್ಲೇ ದೂರದ ಮುಖ್ಯ ಕಚೇರಿಯ ಅಂಕಿಗಳು ಷಾಪ್ ಫ್ಲೋರನ್ನು ಆಳತೊಡಗಿದ್ದವು. ಯಂತ್ರ ಹೇಗಿದೆ ಎನ್ನುವುದಕ್ಕಿಂತ ತಿಂಗಳ ಕೊನೆಗೆ ಎಷ್ಟು ಗೇಟು ದಾಟಿತು ಎನ್ನುವುದು ಮುಖ್ಯವಾಗಿತ್ತು. ಆ ನಡುವೆ ಜಪಾನಿನ ಕಂಪನಿಗಳು ಕಂಪ್ಯೂಟರ್ ನಿಯಂತ್ರಿತ ಯಂತ್ರಗಳನ್ನು ಅಗ್ಗವಾಗಿ, ಬೇಗನೆ, ಗಟ್ಟಿಯಾಗಿ ಮಾಡಲು ಕಲಿತವು. ಸಾಲ ಈ ಕಾಯಿಲೆಯನ್ನು ತರಲಿಲ್ಲ. ಆದರೆ ವಾಸಿ ಮಾಡಿಕೊಳ್ಳಲು ಬೇಕಾದ ಸಮಯವನ್ನೂ ಹಣವನ್ನೂ ಅದು ತೆಗೆದುಕೊಂಡಿತು. ಮಷಿನ್ ಟೂಲ್ ವ್ಯಾಪಾರಕ್ಕೆ ಏರಿಳಿತ ಜಾಸ್ತಿ. ಆರ್ಥಿಕ ಹಿಂಜರಿತ ಬಂದರೆ ಮೊದಲು ನಿಲ್ಲುವುದು ಹೊಸ ಯಂತ್ರಗಳ ಆರ್ಡರ್. 1980ರ ದಶಕದ ಆರಂಭದಲ್ಲಿ ಅದೇ ಆಯಿತು. ಬಡ್ಡಿಯ ಕಂತು ಮಾತ್ರ ನಿಲ್ಲಲಿಲ್ಲ.

1982ರಲ್ಲಿ ಹೂಡೈ ಅಮೆರಿಕ ಸರ್ಕಾರದ ಮೊರೆ ಹೋಯಿತು. ಜಪಾನಿನ ಯಂತ್ರ ಕೊಂಡವರಿಗೆ ಸಿಗುತ್ತಿದ್ದ ತೆರಿಗೆ ರಿಯಾಯಿತಿಯನ್ನು ನಿಲ್ಲಿಸಿ ಎಂಬುದು ಅದರ ಅರ್ಜಿ. 1983ರಲ್ಲಿ ಅಧ್ಯಕ್ಷ ರೇಗನ್ ಒಪ್ಪಲಿಲ್ಲ. ಮುಂದೆ ಹೂಡೈ ಹೆಚ್ಚಿನ ಮಷಿನ್ ಟೂಲ್ ಘಟಕಗಳನ್ನು ಕೈಬಿಟ್ಟಿತು. 1980ರ ದಶಕದ ನಡುವೆ ಬರ್ಗ್‌ಮಾಸ್ಟರ್ ಮುಚ್ಚಿತು. 1987ರಲ್ಲಿ ಬ್ರಿಟನ್ನಿನ ಟಿಐ ಗ್ರೂಪ್ ಹೂಡೈಯನ್ನು ಕೊಂಡಿತು. ಪಂಪು ಮತ್ತಿತರ ಘಟಕಗಳನ್ನು ಕೆಕೆಆರ್ ಮರಳಿ ಪಡೆದು ಐಡೆಕ್ಸ್ ಎಂಬ ಹೊಸ ಕಂಪನಿ ಮಾಡಿತು. ಐಡೆಕ್ಸ್ ಇಂದಿಗೂ ನ್ಯೂಯಾರ್ಕ್ ಷೇರುಪೇಟೆಯಲ್ಲಿದೆ, ಚೆನ್ನಾಗಿಯೇ ನಡೆಯುತ್ತಿದೆ. ಹೂಡಿಕೆದಾರರ ಪುಸ್ತಕದಲ್ಲಿ ಇದು ಸೋಲಲ್ಲ. ಬರ್ಗ್‌ಮಾಸ್ಟರ್‌ನಲ್ಲಿ ಸ್ಪಿಂಡಲ್ ಜೋಡಿಸುವ ಕೈಚಳಕ ಕಲಿತವರ ಲೆಕ್ಕ ಮಾತ್ರ ಆ ಪುಸ್ತಕದಲ್ಲಿ ಬರುವುದಿಲ್ಲ.

ಹಾಗಾದರೆ ಸಾಲದ ಸನ್ನೆಗೋಲು ಹಾಕಿದ ಕಾರ್ಖಾನೆಗಳೆಲ್ಲ ಹೀಗೇ ಆದವೇ? ಅದೇ ವರ್ಷಗಳಲ್ಲಿ, ಅದೇ ಜಪಾನೀ ಪೈಪೋಟಿಯ ಎದುರು ಇನ್ನೊಂದು ಕಂಪನಿ ಇತ್ತು: ಹಾರ್ಲೆ-ಡೇವಿಡ್ಸನ್. 1969ರಿಂದ ಅದು ಎಎಂಎಫ್ ಎಂಬ ಸಮೂಹದ ಕೈಯಲ್ಲಿತ್ತು. ಉತ್ಪಾದನೆ ಹೆಚ್ಚಿತು, ಗುಣಮಟ್ಟ ಕುಸಿಯಿತು. ಎಣ್ಣೆ ಸೋರುವ ಬೈಕ್ ಎಂಬ ಹೆಸರು ಬಂತು. 1981ರಲ್ಲಿ ವಾನ್ ಬೀಲ್ಸ್ ಮುಂದಾಳತ್ವದಲ್ಲಿ 13 ಅಧಿಕಾರಿಗಳು ಸುಮಾರು 8 ಕೋಟಿ ಡಾಲರಿಗೆ ಅದನ್ನು ಕೊಂಡರು. ಇಲ್ಲೂ ಬಹುಪಾಲು ಬ್ಯಾಂಕ್ ಸಾಲವೇ. ಆದರೆ ಕೋಲು ಹಿಡಿದವರು ಹೊರಗಿನ ಹಣಕಾಸಿನವರಲ್ಲ, ಬೈಕ್ ಮಾಡುತ್ತಿದ್ದ ಕಂಪನಿಯವರೇ. ಮರುವರ್ಷ ಮಾರುಕಟ್ಟೆ ಬಿದ್ದಾಗ ಸುಮಾರು 40 ಶೇಕಡ ಕೆಲಸಗಾರರನ್ನು ತೆಗೆದರು. ಈ ಕಥೆಯಲ್ಲೂ ನೋವಿದೆ.

ಬೀಲ್ಸ್ ಮತ್ತು ಸಂಗಡಿಗರು ಒಹಾಯೋದ ಮೇರಿಸ್‌ವಿಲ್‌ನಲ್ಲಿದ್ದ ಹೋಂಡಾ ಕಾರ್ಖಾನೆ ನೋಡಲು ಹೋದರು. ಅಲ್ಲಿ ಮಹಾ ರೋಬೋಟುಗಳೋ ಕಂಪ್ಯೂಟರುಗಳೋ ಕಾಣಲಿಲ್ಲ. ಕಂಡದ್ದು ಸರಳ ವ್ಯವಸ್ಥೆ: ಬಿಡಿಭಾಗಗಳ ರಾಶಿ ಇಲ್ಲ, ಕಾಗದಪತ್ರ ಕಡಿಮೆ, ಕೊನೆಯ ಪರೀಕ್ಷೆಯಲ್ಲಿ ಸೋಲುವ ಬೈಕುಗಳು ಬೆರಳೆಣಿಕೆಯಷ್ಟು. ಹಾರ್ಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಬೈಕುಗಳಲ್ಲಿ ಏನಾದರೊಂದು ಕೊರತೆ ಇರುತ್ತಿತ್ತು. ಊರಿಗೆ ಮರಳಿದ ಮೇಲೆ ಬೇಕಾದಾಗ ಬೇಕಾದಷ್ಟೇ ಭಾಗ ತರಿಸುವ ಪದ್ಧತಿ ಶುರು ಮಾಡಿದರು. ದಾಸ್ತಾನಿನಲ್ಲಿ ಸಿಕ್ಕಿಕೊಂಡಿದ್ದ ಹಣ ಬಿಡುಗಡೆಯಾಯಿತು. ಜೊತೆಗೆ, ಯಂತ್ರ ನಡೆಸುವವರಿಗೇ ಅಳತೆಯ ಏರುಪೇರನ್ನು ಲೆಕ್ಕ ಹಾಕಿ ದೋಷ ಹಿಡಿಯಲು ಕಲಿಸಿದರು. ದಾಸ್ತಾನು ಕಡಿಮೆಯಾದರೆ ಕೆಟ್ಟ ಭಾಗಕ್ಕೆ ಅಡಗಲು ಜಾಗವಿಲ್ಲ. ತಪ್ಪು ಆದಲ್ಲೇ ಸಿಗುತ್ತದೆ.

ಸರ್ಕಾರದ ಮನೆ ಬಾಗಿಲು ಹಾರ್ಲೆಯೂ ತಟ್ಟಿತು, ಮತ್ತು ಬಾಗಿಲು ತೆರೆಯಿತು. ಹೂಡೈಗೆ ಇಲ್ಲವೆಂದ 1983ರಲ್ಲೇ ರೇಗನ್ 700 ಸಿಸಿಗಿಂತ ದೊಡ್ಡ ಆಮದು ಬೈಕುಗಳ ಮೇಲೆ ಐದು ವರ್ಷ ಹೆಚ್ಚುವರಿ ಸುಂಕ ಹಾಕಿದರು. ಮೊದಲ ವರ್ಷ ಅದು 45 ಶೇಕಡ. ಆದರೂ 1985ರ ಕೊನೆಯ ದಿನದವರೆಗೆ ಹಾರ್ಲೆ ದಿವಾಳಿಯ ಅಂಚಿನಲ್ಲೇ ಇತ್ತು. ಸಾಲ ಕೊಟ್ಟ ಸಿಟಿಕಾರ್ಪ್ ಹಿಂದೆ ಸರಿಯಲು ಹೊರಟಿತ್ತು. ಹೆಲ್ಲರ್ ಫೈನಾನ್ಷಿಯಲ್ ಎಂಬ ಸಂಸ್ಥೆ ಮುಂದೆ ಬಂದದ್ದು ಕೊನೆಯ ಗಳಿಗೆಯಲ್ಲಿ. 1986ರಲ್ಲಿ ಹಾರ್ಲೆ ಷೇರುಪೇಟೆಗೆ ಬಂತು. 1987ರಲ್ಲಿ, ಅವಧಿಗೆ ಒಂದು ವರ್ಷ ಮುಂಚೆಯೇ, ಸುಂಕ ತೆಗೆಯಿರಿ ಎಂದು ತಾನೇ ಕೇಳಿಕೊಂಡಿತು.

ಎರಡೂ ಕಂಪನಿಗಳ ಮೇಲೆ ಸಾಲ ಕುತ್ತಿಗೆಮಟ್ಟ ಇತ್ತು. ಹಾರ್ಲೆಗೆ ಸುಂಕದ ಆಸರೆ, ಅದೃಷ್ಟ ಎರಡೂ ಸಿಕ್ಕವು ಎಂಬುದನ್ನು ಮರೆಯುವಂತಿಲ್ಲ. ಆದರೆ ಸಿಕ್ಕ ಸಮಯವನ್ನು ಅದು ಕಾರ್ಖಾನೆಯೊಳಗೆ ಖರ್ಚು ಮಾಡಿತು. ಕಂತಿಗೆ ಬೇಕಾದ ನಗದನ್ನು ಗೋದಾಮಿನ ರಾಶಿಯಲ್ಲಿ, ಹಾಳಾದ ಭಾಗಗಳಲ್ಲಿ ಹುಡುಕಿತು. ಅದು ಎಲ್ಲಿದೆಯೆಂದು ಗೊತ್ತಿದ್ದದ್ದು ಯಂತ್ರದ ಮುಂದೆ ನಿಂತವರಿಗೆ.

ಇದನ್ನು ಕೆಕೆಆರ್ ಕೂಡ ತಡವಾಗಿ ಗುರುತಿಸಿತು. ಕಂಪ್ರೆಸರು, ಪಂಪು ಮಾಡುವ, 1859ರಲ್ಲಿ ಇಲಿನಾಯ್ಸ್‌ನ ಕ್ವಿನ್ಸಿಯಲ್ಲಿ ಹುಟ್ಟಿದ ಗಾರ್ಡನರ್ ಡೆನ್ವರ್ ಕಂಪನಿಯನ್ನು ಅದು 2013ರಲ್ಲಿ ಸುಮಾರು 370 ಕೋಟಿ ಡಾಲರಿಗೆ ಕೊಂಡಿತು. ಬೆನ್ನಲ್ಲೇ ಕಚ್ಚಾ ತೈಲದ ಬೆಲೆ ಕುಸಿದು ತೈಲ ಉದ್ಯಮದ ಆರ್ಡರುಗಳು ಬತ್ತಿದವು. ಈ ಹೂಡಿಕೆಯ ಹೊಣೆ ಹೊತ್ತಿದ್ದ ಪೀಟ್ ಸ್ಟಾವ್ರೋಸ್ ಅವರ ತಂದೆ ರಸ್ತೆ ಕಾಮಗಾರಿಯ ಕೆಲಸಗಾರ. ಕೆಲಸಗಾರರಿಗೂ ಒಡೆತನದ ಪಾಲು ಇರಬೇಕೆಂಬುದು ಸ್ಟಾವ್ರೋಸ್ ಅವರ ವಾದ. 2017ರಲ್ಲಿ ಗಾರ್ಡನರ್ ಡೆನ್ವರ್ ಷೇರುಪೇಟೆಗೆ ಮರಳಿದಾಗ ಸುಮಾರು 6,100 ನೌಕರರಿಗೆ 10 ಕೋಟಿ ಡಾಲರ್ ಮೌಲ್ಯದ ಷೇರು ಹಂಚಿದರು. ಒಬ್ಬೊಬ್ಬರಿಗೆ ಸಿಕ್ಕದ್ದು ವರ್ಷದ ಮೂಲ ಸಂಬಳದ ಸುಮಾರು 40 ಶೇಕಡದಷ್ಟು. ಹೂಡಿಕೆದಾರರ ಗಳಿಕೆಯ ಮುಂದೆ ಇದು ಸಣ್ಣ ಪಾಲು. ಆದರೂ 1979ರ ಲೆಕ್ಕದಲ್ಲಿ ಆ ಸಾಲೇ ಇರಲಿಲ್ಲ.

2020ರಲ್ಲಿ ಗಾರ್ಡನರ್ ಡೆನ್ವರ್ ಇಂಗರ್‌ಸಾಲ್ ರ‍್ಯಾಂಡ್‌ನ ಕೈಗಾರಿಕಾ ವಿಭಾಗದೊಂದಿಗೆ ಸೇರಿ ಆ ಹೆಸರನ್ನೇ ಪಡೆಯಿತು. ಜಗತ್ತಿನಾದ್ಯಂತ ಸುಮಾರು 16,000 ನೌಕರರಿಗೆ 15 ಕೋಟಿ ಡಾಲರ್ ಮೌಲ್ಯದ ಷೇರು ಪಾಲು ಘೋಷಿಸಿತು. ಆ ಸಮೂಹದ ಭಾರತೀಯ ಕಂಪನಿಯ ನೋಂದಾಯಿತ ಕಚೇರಿ ಬೆಂಗಳೂರಿನಲ್ಲಿದೆ.

ಭಾರತದಲ್ಲಿ ಹೂಡೈ ಮಾದರಿಯನ್ನು ಹಾಗೇ ನಕಲು ಮಾಡುವುದು ಸುಲಭವಲ್ಲ. 2013ರ ಕಂಪನಿ ಕಾಯ್ದೆಯ 67ನೇ ಸೆಕ್ಷನ್ ಪ್ರಕಾರ, ಪಬ್ಲಿಕ್ ಕಂಪನಿಯೊಂದು ತನ್ನದೇ ಷೇರು ಕೊಳ್ಳುವವರಿಗೆ ಹಣದ ನೆರವು ಕೊಡುವಂತಿಲ್ಲ. ಆದರೆ ಕಾರ್ಖಾನೆಗಳ ಒಡೆತನ ಹೂಡಿಕೆ ನಿಧಿಗಳಿಗೆ ದಾಟುವುದು ಪುಣೆ, ಚೆನ್ನೈಗಳಲ್ಲಿ ಹೊಸ ಸುದ್ದಿಯೇನಲ್ಲ. ಅಂಥ ಸುದ್ದಿ ಬಂದಾಗ ಪತ್ರಿಕೆಗಳು ಮೊದಲು ಬರೆಯುವುದು ಬೆಲೆಯನ್ನು. ಸಾಲ ಎಷ್ಟು, ಅದನ್ನು ತೀರಿಸುವವರು ಯಾರು, ಉಳಿದ ಲಾಭದಲ್ಲಿ ಯಂತ್ರದ ಮುಂದೆ ನಿಂತವರಿಗೆ ಪಾಲಿದೆಯೇ ಎಂಬ ಮೂರು ಸಂಗತಿಗಳು ಸಾಮಾನ್ಯವಾಗಿ ಕೊನೆಯ ಪ್ಯಾರಾದಲ್ಲಿರುತ್ತವೆ. ಓದಲು ಶುರು ಮಾಡಬೇಕಾದದ್ದು ಅಲ್ಲಿಂದ.