ಸುಳ್ಳುಬೋಧನೆ (ಕ್ರೈಸ್ತ)

ನಂಬಿಕೆಯ ಮಾತುಗಳನ್ನೇ ಬಳಸುತ್ತ ಅದರ ತಿರುಳನ್ನು ಬದಲಿಸುವ ಬೋಧನೆ. ಬಹಿರಂಗ ವಿರೋಧಕ್ಕಿಂತ ಇದನ್ನು ಗುರುತಿಸುವುದು ಕಷ್ಟ. 325ರ ನಿಕೇಯ ಮಹಾಸಭೆ ತಳ್ಳಿಹಾಕಿದ ಬೋಧಕ ಏರಿಯಸನೂ ಬೈಬಲನ್ನೇ ಆಧಾರವಾಗಿ ಕೊಡುತ್ತಿದ್ದ. 1839ರಲ್ಲಿ ಹುಬ್ಬಳ್ಳಿಗೆ ಬಂದ ಬಾಸೆಲ್ ಮಿಶನ್‌ಗೆ ಎದುರಾದ ಪ್ರಸಂಗ ಇನ್ನೂ ತೊಡಕಿನದು. ಕಾಲಜ್ಞಾನ ನಂಬಿದ್ದ ಕೆಲವರು ಸುವಾರ್ತೆಯಲ್ಲಿ ತಮ್ಮ ಭವಿಷ್ಯವಾಣಿಯ ನೆರವೇರಿಕೆಯನ್ನೇ ಕಂಡರು. ಅವರನ್ನು ನೆಚ್ಚಿ ಮಿಶನ್‌ನ ಹೆರ್ಮನ್ ಮೋಗ್ಲಿಂಗ್ ಗದಗ ಬಳಿಯ ಮಲಸಮುದ್ರದಲ್ಲಿ ಕ್ರೈಸ್ತ ವಸಾಹತಿಗೆ ಮುಂದಾದ. ನಿರೀಕ್ಷಿಸಿದ ಜನ ಬರಲಿಲ್ಲ. ಆದರೂ ಆ ಕಾಲಜ್ಞಾನದವರನ್ನು ಸುಳ್ಳುಬೋಧಕರೆನ್ನುವುದು ಅನ್ಯಾಯ. ಎರಡೂ ಕಡೆಯವರು ಒಂದೇ ಮಾತಿನಲ್ಲಿ ಬೇರೆ ಬೇರೆ ಅರ್ಥ ಕೇಳಿಸಿಕೊಂಡಿದ್ದರು, ಅಷ್ಟೆ.

ಹೀಗಾಗಿ ಕ್ಯಾಥೊಲಿಕ್, ಪ್ರೊಟೆಸ್ಟೆಂಟ್ ಕುಟುಂಬಗಳು ಅಕ್ಕಪಕ್ಕ ವಾಸಿಸುವ ಹುಬ್ಬಳ್ಳಿಯ ಕೇಶ್ವಾಪುರದಂಥ ಬಡಾವಣೆಯಲ್ಲಿ ಪ್ರಸಂಗಿಯ ವಾಕ್ಚಾತುರ್ಯವನ್ನಷ್ಟೇ ನಂಬಿದರೆ ಸಾಲದು. ದೃಢೀಕರಣಕ್ಕೆ ಮುಂಚಿನ ಪಾಠ, ವಿಶ್ವಾಸಪ್ರಮಾಣದ ಪಠನ, ಹೊಸ ಒಡಂಬಡಿಕೆಯ ಬೆರೋಯದವರಂತೆ ಕೇಳಿದ್ದನ್ನು ಗ್ರಂಥದೊಡನೆ ತಾಳೆನೋಡುವುದು ಸಭೆಗಳ ಹಳೆಯ ಕ್ರಮ.