ಸಿಲಿಕೋಸಿಸ್

ಸಿಲಿಕೋಸಿಸ್ ಎಂಬುದು ಸ್ಫಟಿಕರೂಪದ ಸಿಲಿಕಾದ ಸೂಕ್ಷ್ಮ ದೂಳನ್ನು ಉಸಿರಾಡುವುದರಿಂದ ಬರುವ ಶ್ವಾಸಕೋಶದ ರೋಗ. ಕಲ್ಲು, ಮರಳು ಮತ್ತು ಅದಿರುಗಳನ್ನು ಕೊರೆಯುವ, ಒಡೆಯುವ, ಅರೆಯುವ ಕಾರ್ಮಿಕರಲ್ಲಿ ಇದು ಹೆಚ್ಚಾಗಿ ಕಂಡುಬರುತ್ತದೆ. ಇದನ್ನು ಗುಣಪಡಿಸುವ ಔಷಧ ಇಲ್ಲ. ಆದರೆ ಬಾರದಂತೆ ತಡೆಯಬಹುದು. ಭಾರತದಲ್ಲಿ ಈ ರೋಗ ಮೊದಲು ವರದಿಯಾದದ್ದು ಕೋಲಾರದ ಚಿನ್ನದ ಗಣಿಗಳಿಂದ.

ಹಿನ್ನೆಲೆ
ಕಲ್ಲುಕುಟಿಗರನ್ನು ಕಾಡುವ ಉಬ್ಬಸ, ಕೆಮ್ಮುಗಳನ್ನು ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಾಝಿನಿ 1700ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿವರಿಸಿದ್ದರು. ಸಿಲಿಕೋಸಿಸ್ ಎಂಬ ಹೆಸರು ಬಳಕೆಗೆ ಬಂದದ್ದು 1870ರಲ್ಲಿ.

ಕಾರಣ
ಬೆಣಚುಕಲ್ಲು, ಗ್ರಾನೈಟ್, ಮರಳುಗಲ್ಲು ಮತ್ತು ಮರಳಿನಲ್ಲಿ ಸಿಲಿಕಾ ಹೇರಳವಾಗಿದೆ. ಗಣಿ, ಕಲ್ಲುಕ್ವಾರಿ, ಜಲ್ಲಿ ಕ್ರಷರ್, ಎರಕದ ಕಾರ್ಖಾನೆ, ಗಾಜು ಮತ್ತು ಪಿಂಗಾಣಿ ಉದ್ಯಮಗಳಲ್ಲಿ ಇದರ ದೂಳು ಏಳುತ್ತದೆ. ಮಧ್ಯಪ್ರದೇಶದ ಮಂದಸೌರ್‌ನ ಬಳಪ ತಯಾರಕರೂ ಗುಜರಾತಿನ ಖಂಭಾತದ ಅಗೇಟ್ ಕಲ್ಲಿಗೆ ಸಾಣೆ ಹಿಡಿಯುವವರೂ ಈ ರೋಗಕ್ಕೆ ತುತ್ತಾಗಿದ್ದಾರೆ.

ಕಣ್ಣಿಗೆ ಕಾಣುವ ದಪ್ಪ ಕಣಗಳನ್ನು ಮೂಗು ಮತ್ತು ಗಂಟಲು ತಡೆಯುತ್ತವೆ. ಹೆಚ್ಚು ಅಪಾಯಕಾರಿಯಾದವು ಕಣ್ಣಿಗೆ ಕಾಣದ, ಸುಮಾರು 5 ಮೈಕ್ರೋಮೀಟರಿಗಿಂತ ಚಿಕ್ಕ ಕಣಗಳು. ಇವು ಶ್ವಾಸಕೋಶದ ಗಾಳಿಗೂಡುಗಳವರೆಗೆ ಇಳಿಯುತ್ತವೆ. ಅವುಗಳನ್ನು ನುಂಗುವ ರಕ್ಷಕ ಜೀವಕೋಶಗಳು ತಾವೇ ಸಾಯುತ್ತವೆ. ಕಣಗಳು ಮತ್ತೆ ಹೊರಬಿದ್ದು ಉರಿಯೂತ ಮುಂದುವರಿಯುತ್ತದೆ. ಕ್ರಮೇಣ ಅಲ್ಲಿ ನಾರಿನಂಥ ಗಂಟುಗಳು ಬೆಳೆದು ಶ್ವಾಸಕೋಶ ಬಿಗಿಯಾಗುತ್ತದೆ. ಈ ಕಾರಣದಿಂದ, ಕೆಲಸ ಬಿಟ್ಟ ಮೇಲೂ ರೋಗ ಉಲ್ಬಣಿಸಬಹುದು.

ವಿಧಗಳು
* ದೀರ್ಘಕಾಲಿಕ: 10 ವರ್ಷ ಅಥವಾ ಹೆಚ್ಚು ಕಾಲ ದೂಳಿನಲ್ಲಿ ದುಡಿದವರಲ್ಲಿ ಕಾಣುವ ಸಾಮಾನ್ಯ ರೂಪ.
* ತ್ವರಿತ: ದೂಳು ಹೆಚ್ಚಿರುವೆಡೆ 5ರಿಂದ 10 ವರ್ಷಗಳಲ್ಲಿ ಬರುವಂಥದು.
* ತೀವ್ರ: ಅತಿ ದಟ್ಟ ದೂಳಿನಿಂದ ಕೆಲವು ವಾರಗಳಿಂದ ಕೆಲವು ವರ್ಷಗಳೊಳಗೆ ಕಾಣಿಸಿಕೊಂಡು ಬಹುಬೇಗ ಪ್ರಾಣಕ್ಕೆರವಾಗುವಂಥದು.

ಲಕ್ಷಣಗಳು ಮತ್ತು ರೋಗನಿರ್ಣಯ
ಆರಂಭದಲ್ಲಿ ಯಾವ ಲಕ್ಷಣವೂ ಇರದಿರಬಹುದು. ಬಳಿಕ ಕೆಮ್ಮು, ಏದುಸಿರು, ಆಯಾಸ ಮತ್ತು ತೂಕನಷ್ಟ ಕಾಣಿಸುತ್ತವೆ. ಇವು ಕ್ಷಯದ ಲಕ್ಷಣಗಳನ್ನು ಹೋಲುವುದರಿಂದ ರೋಗಿಗೆ ಕ್ಷಯದ ಚಿಕಿತ್ಸೆಯಷ್ಟೇ ದೊರೆತು ಮೂಲ ರೋಗ ದಾಖಲಾಗದೆ ಉಳಿಯುವುದುಂಟು. ಸಿಲಿಕೋಸಿಸ್ ಇದ್ದವರಿಗೆ ಕ್ಷಯ ತಗಲುವ ಸಂಭವವೂ ಹೆಚ್ಚು. ಎರಡೂ ಒಟ್ಟಿಗೆ ಇರಬಹುದು. ಆದ್ದರಿಂದ ಎದೆಯ ಕ್ಷ-ಕಿರಣ ಚಿತ್ರ ಮತ್ತು ಕಫ ಪರೀಕ್ಷೆಯ ಜೊತೆಗೆ, ರೋಗಿ ಎಲ್ಲಿ, ಯಾವ ಕೆಲಸವನ್ನು, ಎಷ್ಟು ವರ್ಷ ಮಾಡಿದನೆಂಬ ವಿವರ ಅತ್ಯಗತ್ಯ. ಪರಿಹಾರ ಪಡೆಯುವ ಹಕ್ಕಿಗೂ ಈ ದಾಖಲೆಯೇ ಆಧಾರ. ಸಿಲಿಕಾ ದೂಳು ಶ್ವಾಸಕೋಶದ ಕ್ಯಾನ್ಸರಿಗೂ ಕಾರಣವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲಿ ವರ್ಗೀಕರಿಸಿತು.

ಕೋಲಾರದ ಚಿನ್ನದ ಗಣಿಗಳು
ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ 1880ರಲ್ಲಿ ಇಲ್ಲಿ ಗಣಿಗಾರಿಕೆ ಕೈಗೊಂಡಿತು. ಚಿನ್ನವು ಬೆಣಚುಕಲ್ಲಿನ ಸೀಳುಪದರಗಳಲ್ಲಿ ಅಡಗಿದ್ದುದರಿಂದ ಅದನ್ನು ಕೊರೆದು ಸಿಡಿಸಿದಾಗಲೆಲ್ಲ ಸಿಲಿಕಾ ದೂಳು ಏಳುತ್ತಿತ್ತು. 1934ರಲ್ಲಿ ಇಲ್ಲಿ ಸಿಲಿಕೋಸಿಸ್ ಇರುವುದು ವರದಿಯಾಯಿತು. ಮೈಸೂರು ಸಂಸ್ಥಾನವು 1940ರಲ್ಲಿ ಸಿಲಿಕೋಸಿಸ್ ನಿಯಮಾವಳಿಯನ್ನು ಜಾರಿಗೆ ತಂದಿತು. ಗಣಿಗಳು 2001ರಲ್ಲಿ ಮುಚ್ಚಿದವು.

ತಡೆಗಟ್ಟುವಿಕೆ
* ಕೊರೆಯುವಾಗ ನೀರು ಹಾಯಿಸಿ ದೂಳು ಏಳದಂತೆ ಮಾಡುವುದು.
* ದೂಳು ಹುಟ್ಟುವಲ್ಲಿಯೇ ಅದನ್ನು ಹೀರುವ ಯಂತ್ರ ಅಳವಡಿಸುವುದು.
* ಮರಳಿನ ಬದಲು ಸಿಲಿಕಾರಹಿತ ವಸ್ತುಗಳನ್ನು ಬಳಸುವುದು.
* ಕಾರ್ಮಿಕರಿಗೆ ನಿಯತವಾಗಿ ಶ್ವಾಸಕೋಶದ ತಪಾಸಣೆ ನಡೆಸುವುದು.

ಮುಖಕ್ಕೆ ಕಟ್ಟುವ ಬಟ್ಟೆ ಸೂಕ್ಷ್ಮ ಕಣಗಳನ್ನು ತಡೆಯಲಾರದು. ಸೂಕ್ತ ಶೋಧಕವುಳ್ಳ ಮುಖಗವಸು ಕೂಡ ಮೇಲಿನ ಕ್ರಮಗಳಿಗೆ ಪೂರಕವೇ ಹೊರತು ಪರ್ಯಾಯವಲ್ಲ.

ಕಾನೂನು
1948ರ ಕಾರ್ಖಾನೆ ಕಾಯ್ದೆಯು ಸಿಲಿಕೋಸಿಸ್ ಅನ್ನು ಸರ್ಕಾರಕ್ಕೆ ಕಡ್ಡಾಯವಾಗಿ ತಿಳಿಸಬೇಕಾದ ರೋಗಗಳ ಪಟ್ಟಿಗೆ ಸೇರಿಸಿತು. ರೋಗಿಯನ್ನು ಪರೀಕ್ಷಿಸಿದ ವೈದ್ಯರೂ ವರದಿ ಮಾಡಬೇಕೆಂದು ಅದು ವಿಧಿಸಿತು. ವೃತ್ತಿ ಸುರಕ್ಷತೆ ಮತ್ತು ಆರೋಗ್ಯದ 2020ರ ಸಂಹಿತೆಯ ಪಟ್ಟಿಯಲ್ಲಿಯೂ ಈ ರೋಗವಿದೆ. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲದ ದಿನಗೂಲಿ ಕಾರ್ಮಿಕರಿಗೆ ತಾವು ಮಾಡಿದ ಕೆಲಸವನ್ನು ರುಜುವಾತುಪಡಿಸುವುದೇ ದೊಡ್ಡ ತೊಡಕಾಗಿದೆ. ರಾಜಸ್ಥಾನ ಸರ್ಕಾರ 2019ರಲ್ಲಿ ಇಂಥ ದೂಳುರೋಗಿಗಳಿಗಾಗಿ ಪ್ರತ್ಯೇಕ ನೀತಿಯನ್ನು ಪ್ರಕಟಿಸಿದೆ.