ಗಳೆಯ ಉದ್ದ ತಿಳಿಯದೆ ಮತ್ತರಿನ ಲೆಕ್ಕವೆಲ್ಲಿ?

ದಾನಶಾಸನವನ್ನು ಓದುವವರಿಗೆ ಒಂದು ಎಚ್ಚರ ಬೇಕು. ಕೊಟ್ಟ ಭೂಮಿ ಇಷ್ಟು ಮತ್ತರು ಎಂದು ಕಲ್ಲಿನಲ್ಲಿ ಸ್ಪಷ್ಟವಾಗಿ ಕೊರೆದಿದ್ದರೂ, ಅದನ್ನು ಅಳೆದ ಗಳೆಯ ಉದ್ದ ತಿಳಿಯದೆ ವಿಸ್ತೀರ್ಣವನ್ನು ಹೇಳಲಾಗದು. ಸೀಮೆಯಿಂದ ಸೀಮೆಗೆ ಗಳೆ ಬೇರೆಯಾಗುತ್ತಿತ್ತು. ಬಳ್ಳಿಗಾವೆಯ ಕಡೆಯ ಶಾಸನಗಳು ‘ಭೇರುಂಡ ಗಳೆ’ ಎಂದು ಹೆಸರಿಸಿಯೇ ಹೇಳುವುದು ಇದಕ್ಕಾಗಿ. ನಮ್ಮ ಉಚ್ಚಂಗಿಯನ್ನಾಳಿದ ಪಾಂಡ್ಯರ ಕಾಲದ ಲೆಕ್ಕಗಳಿಗೂ ಈ ಮಾತು ಸಲ್ಲುತ್ತದೆ.

ಬೆಂಗಳೂರಿನಲ್ಲಿ ಗಣಕಯಂತ್ರದ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಕೆಲಸವನ್ನು ವಿವರಿಸಿದಾಗ ನನಗೆ ಈ ಗಳೆಯೇ ನೆನಪಾಯಿತು. ಅದರ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುತ್ತೇನೆ.

ಪ್ರೊಸೆಸರಿನೊಳಗೆ ಲೆಕ್ಕ ನಡೆಯುವಾಗ ಸಂಖ್ಯೆಯನ್ನು ಇಟ್ಟುಕೊಳ್ಳುವ ಪುಟ್ಟ ಸ್ಥಳವೇ ರಿಜಿಸ್ಟರ್. ಒಂದೇ ಆಜ್ಞೆಯಿಂದ ಹಲವು ಸಂಖ್ಯೆಗಳನ್ನು ಸಂಸ್ಕರಿಸಲು ಅವನ್ನು ಸಾಲಾಗಿ ಇಡುವಂಥದು ವೆಕ್ಟರ್ ರಿಜಿಸ್ಟರ್. 1976ರ ಕ್ರೇ-1 ಯಂತ್ರದಲ್ಲಿ ಇಂಥವು ಎಂಟಿದ್ದವು. ಒಂದೊಂದರಲ್ಲಿ 64 ಬಿಟ್‌ಗಳ 64 ಸಂಖ್ಯೆಗಳು ಹಿಡಿಯುತ್ತಿದ್ದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ದೊಡ್ಡ ಕ್ರೇ ಯಂತ್ರವೊಂದನ್ನು ಕೇಳಿದಾಗ ಅಮೆರಿಕ ಒಪ್ಪಲಿಲ್ಲ. ಮುಂಗಾರಿನ ಮುನ್ಸೂಚನೆಗೆಂದು ಚಿಕ್ಕದೊಂದು 1989ರಲ್ಲಿ ದೆಹಲಿಯಲ್ಲಿ ಕಾರ್ಯಾರಂಭ ಮಾಡಿತು. ಅಷ್ಟರಲ್ಲಿ, 1986ರಲ್ಲೇ, ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯವು ‘ಫ್ಲೋಸಾಲ್ವರ್’ ಎಂಬ ಸಮಾಂತರ ಗಣಕವನ್ನು ಸ್ವತಃ ಕಟ್ಟಿತ್ತು. 1988ರಲ್ಲಿ ಹುಟ್ಟಿದ ಸಿ-ಡ್ಯಾಕ್ ಸಂಸ್ಥೆ 1991ರಲ್ಲಿ ಪರಮ್ 8000 ಯಂತ್ರವನ್ನು ಹೊರತಂದಿತು. ಅಂದು ಯಂತ್ರ ದೊರೆಯದ ಅದೇ ವಿಜ್ಞಾನ ಸಂಸ್ಥೆಯಲ್ಲಿ 2022ರಲ್ಲಿ ಪರಮ್ ಪ್ರವೇಗ ನೆಲೆಗೊಂಡಿತು. ಅದರ ಪ್ರೊಸೆಸರುಗಳ ವೆಕ್ಟರ್ ರಿಜಿಸ್ಟರ್ 512 ಬಿಟ್‌ಗಳಷ್ಟು ಅಗಲ.

ಇಂಟೆಲ್ ಕಂಪನಿಯ ಚಿಪ್‌ಗಳಲ್ಲಿ ಈ ಅಗಲ ಮೆಟ್ಟಿಲು ಮೆಟ್ಟಿಲಾಗಿ ಬೆಳೆಯಿತು: 1997ರಲ್ಲಿ 64, 1999ರಲ್ಲಿ 128, 2011ರಲ್ಲಿ 256, 2016ರಲ್ಲಿ 512 ಬಿಟ್. ಪ್ರತಿ ಮೆಟ್ಟಿಲಿಗೂ ಹೊಸ ಆಜ್ಞೆಗಳು ಬೇಕಾದವು. ಆರ್ಮ್ ಕಂಪನಿ 2016ರಲ್ಲಿ ಬೇರೆ ದಾರಿ ಹಿಡಿಯಿತು. ಅದರ ‘ಎಸ್‌ವಿಇ’ ಪದ್ಧತಿಯಲ್ಲಿ ಅಗಲವನ್ನು 128ರಿಂದ 2048 ಬಿಟ್‌ವರೆಗೆ ಚಿಪ್ ತಯಾರಕರೇ ಆರಿಸಿಕೊಳ್ಳಬಹುದು. ಒಂದೇ ಪ್ರೋಗ್ರಾಂ ಎಲ್ಲದರಲ್ಲೂ ನಡೆಯುತ್ತದೆ. 2020ರಲ್ಲಿ ಜಗತ್ತಿನ ಅತಿವೇಗದ ಗಣಕವೆನಿಸಿದ ಜಪಾನಿನ ಫುಗಾಕು 512 ಬಿಟ್‌ಗಳನ್ನು ಆರಿಸಿಕೊಂಡಿತ್ತು.

ಕಷ್ಟ ಬಂದದ್ದು ದೋಷ ಹುಡುಕುವವರಿಗೆ. ನಡೆಯುತ್ತಿರುವ ಪ್ರೋಗ್ರಾಮನ್ನು ತಡೆದು ನಿಲ್ಲಿಸಿ ಒಳಗಿನ ಸ್ಥಿತಿಯನ್ನು ತೋರಿಸುವ ಸಲಕರಣೆಗೆ ಡಿಬಗ್ಗರ್ ಎನ್ನುತ್ತಾರೆ. ರಿಜಿಸ್ಟರಿನ ಅಗಲ ಮೊದಲೇ ಗೊತ್ತಿದ್ದ ಕಾಲದಲ್ಲಿ ಅದನ್ನೊಂದು ಪಟ್ಟಿಯಲ್ಲಿ ಬರೆದಿಟ್ಟರೆ ಸಾಕಿತ್ತು. ಈಗ ಜಿಡಿಬಿ ಎಂಬ ಪ್ರಸಿದ್ಧ ಡಿಬಗ್ಗರಿನಲ್ಲಿ ‘ವಿಜಿ’ ಎಂಬ ಹೆಸರಿನಡಿ ನೋಡಬೇಕು. ಅದು 64 ಬಿಟ್‌ಗಳ ತುಂಡುಗಳು ಎಷ್ಟೆಂದು ಹೇಳುತ್ತದೆ: 2 ಎಂದರೆ 128, 4 ಎಂದರೆ 256, 8 ಎಂದರೆ 512 ಬಿಟ್. ಅಷ್ಟಕ್ಕೇ ಮುಗಿಯಲಿಲ್ಲ. ಲಿನಕ್ಸ್ ವ್ಯವಸ್ಥೆಯಲ್ಲಿ ಪ್ರೋಗ್ರಾಂ ನಡೆಯುತ್ತಿರುವಾಗಲೇ ಈ ಅಗಲವನ್ನು, ಯಂತ್ರದ ಮಿತಿಯೊಳಗೆ, ಬದಲಾಯಿಸಿಕೊಳ್ಳಬಹುದು. ಒಂದೇ ಪ್ರೋಗ್ರಾಮಿನ ಎರಡು ಎಳೆಗಳಿಗೆ ಎರಡು ಅಳತೆಗಳೂ ಇರಬಹುದು. ಆದಕಾರಣ ನಿಲ್ಲಿಸಿದ ಪ್ರತಿ ಸಲವೂ, ಪ್ರತಿ ಎಳೆಗೂ, ಡಿಬಗ್ಗರ್ ಅಳತೆಯನ್ನು ಹೊಸದಾಗಿ ಕೇಳಿಕೊಳ್ಳಬೇಕು. ಹಳೆಯ ಅಳತೆಯನ್ನೇ ನಂಬಿದರೆ ಇರುವ ಸಂಖ್ಯೆಗಳಲ್ಲಿ ಅರ್ಧ ಕಾಣದೇ ಹೋಗಬಹುದು. ಮಳೆಯ ಮುನ್ಸೂಚನೆಯ ಲೆಕ್ಕದಲ್ಲಿ ಹೀಗಾದರೆ, ತಪ್ಪು ಒಂದು ಕಡೆ ಇರುತ್ತದೆ, ಹುಡುಕಾಟ ಇನ್ನೊಂದು ಕಡೆ ನಡೆಯುತ್ತದೆ.

ಕಲ್ಲಿನ ಮೇಲಿನ ಅಕ್ಷರವಾಗಲಿ, ಪರದೆಯ ಮೇಲಿನ ಅಂಕಿಯಾಗಲಿ, ತಾನಾಗಿ ಪೂರ್ಣ ಸತ್ಯವನ್ನು ಹೇಳುವುದಿಲ್ಲ. ಯಾವ ಗಳೆಯಿಂದ ಅಳೆದದ್ದು ಎಂಬ ಪ್ರಶ್ನೆಯನ್ನು ನಾವೇ ಕೇಳಬೇಕು. ಈ ಕ್ಷೇತ್ರದಲ್ಲಿ ದುಡಿಯುತ್ತಿರುವ ನನ್ನ ವಿದ್ಯಾರ್ಥಿಗಳು ತಮ್ಮ ಅನುಭವಗಳನ್ನು ಬರೆದು ತಿಳಿಸಿದರೆ ಸಂತೋಷಪಡುತ್ತೇನೆ.